“ಬೇರೇನು ತೆಗೆದುಕೊಳ್ಳುತ್ತಿದ್ದೀರಿ?”: ಕೋವಿಡ್ ವರ್ಷಗಳಲ್ಲಿ ನಾನು ಬಳಸಿದ ಚಿಕಿತ್ಸಾ ಸೇವೆಗಳ ವಿಮರ್ಶೆ

ಕೋವಿಡ್ ವರ್ಷಗಳಲ್ಲಿ ನಾನು ಬಳಸಿದ ಚಿಕಿತ್ಸಾ ಸೇವೆಗಳನ್ನೆಲ್ಲ, ಆಸ್ಪತ್ರೆಯವನ್ನೂ ಆಸ್ಪತ್ರೆಯ ಹೊರಗಿನವನ್ನೂ, ಒಂದೇ ಅಳತೆಗೋಲಿನಿಂದ ಅಳೆದು ನೋಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಈ ರೋಗವನ್ನು ಮಹಾಮಾರಿ ಎಂದು ಕರೆದ ದಿನದಿಂದ, 2023ರ ಮೇ 5ರಂದು ಜಾಗತಿಕ ತುರ್ತುಪರಿಸ್ಥಿತಿ ಮುಗಿಯಿತೆಂದು ಹೇಳಿದ ದಿನದವರೆಗೆ, ಐವತ್ತು ದಾಟಿದ ಮತ್ತು ಹನ್ನೆರಡು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವ ನಾನು ಫೋನಿನಲ್ಲಿ ವೈದ್ಯರನ್ನು ಕಂಡೆ, ಆಮ್ಲಜನಕ ಅಳೆಯುವ ಉಪಕರಣ ಕೊಂಡೆ, ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ, ಗಿಡಮೂಲಿಕೆ ವೈದ್ಯರೊಬ್ಬರ ಕಷಾಯ ಕುಡಿದೆ, ವಿಟಮಿನ್ ಮಾತ್ರೆಗಳನ್ನು ನುಂಗಿದೆ, ಉಸಿರಾಟದ ತರಗತಿಗೆ ಸೇರಿದೆ, ಕಳೆದುಹೋದ ವಾಸನೆಯನ್ನು ಮರಳಿ ಪಡೆಯುವ ಅಭ್ಯಾಸವನ್ನೂ ಮಾಡಿದೆ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ನಾನು ಎರಡು ಪ್ರಶ್ನೆಗಳಿಂದ ತೀರ್ಮಾನಿಸುತ್ತೇನೆ. ಆ ಸೇವೆ ಕೊಟ್ಟವರು ನಾನು ಬೇರೇನು ತೆಗೆದುಕೊಳ್ಳುತ್ತಿದ್ದೇನೆ ಎಂದು ಕೇಳಿದರೇ? ತಮ್ಮ ಕೈಲಾಗುವುದು ಎಲ್ಲಿಗೆ ಮುಗಿಯುತ್ತದೆ, ಆಮೇಲೆ ನಾನು ಯಾರ ಬಳಿಗೆ ಹೋಗಬೇಕು ಎಂಬುದನ್ನು ತಾವಾಗಿಯೇ ಹೇಳಿದರೇ?

ಮೊದಲಿಗೆ ಒಂದು ಪದದ ವಿಚಾರ ಹೇಳಬೇಕು. ಆಸ್ಪತ್ರೆಯ ಔಷಧವನ್ನು ಬಿಟ್ಟು ಅದರ ಜಾಗದಲ್ಲಿ ಇನ್ನೊಂದನ್ನು ಹಿಡಿದರೆ ಅದು ಪರ್ಯಾಯ ಚಿಕಿತ್ಸೆ. ಆಸ್ಪತ್ರೆಯ ಔಷಧದ ಜೊತೆಗೇ ಇನ್ನೊಂದನ್ನು ಸೇರಿಸಿಕೊಂಡರೆ ಅದು ಪೂರಕ ಚಿಕಿತ್ಸೆ. ಮಾತಿನಲ್ಲಿ ನಾವು ಎರಡನ್ನೂ ‘ಪರ್ಯಾಯ’ ಎಂದೇ ಕರೆದುಬಿಡುತ್ತೇವೆ. ಆದರೆ ನನ್ನ ಸುತ್ತಮುತ್ತ ನಾನು ಕಂಡ ವಯಸ್ಕರಲ್ಲಿ ಹೆಚ್ಚಿನವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವರಲ್ಲ, ಎರಡನ್ನೂ ಒಟ್ಟಿಗೆ ಹಿಡಿದವರು. ನಾನೂ ಅವರಲ್ಲಿ ಒಬ್ಬ. ಒಟ್ಟಿಗೆ ಹಿಡಿದಾಗಲೇ ನನ್ನ ಮೊದಲನೆಯ ಪ್ರಶ್ನೆಗೆ ತೂಕ ಬರುವುದು, ಏಕೆಂದರೆ ಹೊಟ್ಟೆಯೊಳಗೆ ಹೋದ ಮೇಲೆ ಮಾತ್ರೆಗೂ ಬೇರಿಗೂ ತಾವು ಯಾವ ಪದ್ಧತಿಯಿಂದ ಬಂದವರೆಂಬ ಭೇದವಿಲ್ಲ.

ನಾನು ಎರಡೂ ಕಡೆ ಕಾಲಿಟ್ಟದ್ದಕ್ಕೆ ಕಾರಣ ನಂಬಿಕೆಯೊಂದೇ ಆಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತದೊತ್ತಡ ತೋರಿಸಿಕೊಳ್ಳುತ್ತಿದ್ದ ಚಿಕಿತ್ಸಾಲಯವು ಮೊದಲ ಅಲೆಯಲ್ಲಿ ಬಾಗಿಲು ಹಾಕಿತು. ಇದು ನನಗೊಬ್ಬನಿಗೆ ಆದದ್ದೂ ಅಲ್ಲ. 2020ರ ಆಗಸ್ಟ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯಲ್ಲಿ 105 ದೇಶಗಳು ಉತ್ತರಿಸಿದ್ದವು. ಅವುಗಳಲ್ಲಿ ಸುಮಾರು ಶೇ. 90ರಷ್ಟು ದೇಶಗಳು ತಮ್ಮಲ್ಲಿ ಆರೋಗ್ಯ ಸೇವೆಗಳಿಗೆ ಅಡಚಣೆಯಾಗಿದೆ ಎಂದು ಒಪ್ಪಿಕೊಂಡಿದ್ದವು, ಮತ್ತು ಹೆಚ್ಚು ಪೆಟ್ಟು ತಿಂದ ಸೇವೆಗಳಲ್ಲಿ ರಕ್ತದೊತ್ತಡ, ಮಧುಮೇಹದಂಥ ದೀರ್ಘಕಾಲದ ಕಾಯಿಲೆಗಳ ಆರೈಕೆಯೂ ಸೇರಿತ್ತು. ಮುಚ್ಚಿದ ಬಾಗಿಲಿನ ಮುಂದೆ ನಿಂತವನಿಗೆ ತೆರೆದಿರುವ ಬಾಗಿಲು ಯಾವುದಾದರೂ ಸರಿ ಎನಿಸುವುದು ಸಹಜ.

ಫೋನಿನ ಮೂಲಕ ಸಿಕ್ಕ ವೈದ್ಯಕೀಯ ಸಲಹೆಯಿಂದ ಆರಂಭಿಸುತ್ತೇನೆ. 2021ರ ಏಪ್ರಿಲ್‌ನಲ್ಲಿ ನನಗೆ ಜ್ವರ ಬಂದು ಐದನೆಯ ದಿನ. ಮೊದಲ ಕರೆಯಲ್ಲಿ ಸಿಕ್ಕ ವೈದ್ಯರು ನನ್ನ ಹೆಸರು, ವಯಸ್ಸು, ಜ್ವರ ಎಷ್ಟು ಎಂದು ಕೇಳಿ ಮೂರು ನಿಮಿಷದೊಳಗೆ ಒಂದು ಪ್ರತಿಜೈವಿಕ ಔಷಧವನ್ನೂ ಐದು ಬಗೆಯ ಮಾತ್ರೆಗಳನ್ನೂ ಬರೆದು ಕಳಿಸಿದರು. ವೈರಸ್‌ನಿಂದ ಬಂದ ಕಾಯಿಲೆಗೆ ಪ್ರತಿಜೈವಿಕ ಔಷಧವೇಕೆ ಎಂದು ಕೇಳುವಷ್ಟರಲ್ಲಿ ಕರೆ ಮುಗಿದಿತ್ತು. ಅವರು ಬರೆದ ಆ ಪ್ರತಿಜೈವಿಕ ಔಷಧ ಅಜಿಥ್ರೊಮೈಸಿನ್. ಅದನ್ನೇ ಬ್ರಿಟನ್ನಿನ ‘ರಿಕವರಿ’ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆಗೆ ದಾಖಲಾದ ಸಾವಿರಾರು ರೋಗಿಗಳಿಗೆ ಕೊಟ್ಟು ನೋಡಿದ್ದರು. ಅಜಿಥ್ರೊಮೈಸಿನ್‌ನಿಂದ ಪ್ರಾಣ ಉಳಿಯುವುದರಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲವೆಂಬ ಫಲಿತಾಂಶ ನಾನು ಕಾಯಿಲೆ ಬೀಳುವ ಮೊದಲೇ ಹೊರಬಿದ್ದಿತ್ತು.

ಮಾರನೆಯ ದಿನ ಬೇರೊಬ್ಬ ವೈದ್ಯೆ ಸಿಕ್ಕರು. ಹನ್ನೊಂದು ನಿಮಿಷದ ಆ ಕರೆಯನ್ನು ನಾನು ಇಂದಿಗೂ ಹಾಗೆಯೇ ನೆನಪಿಟ್ಟುಕೊಂಡಿದ್ದೇನೆ. ಅವರು ಮೊದಲು ನನ್ನನ್ನು ಮಾತನಾಡಲು ಬಿಟ್ಟು ಸುಮ್ಮನೆ ಕೇಳಿಸಿಕೊಂಡರು. ನಾನು ವಾಕ್ಯದ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತೇನೆ ಎಂಬುದನ್ನು ಅವರು ಗಮನಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಒಂದೇ ಉಸಿರಿನಲ್ಲಿ ಮೂವತ್ತರವರೆಗೆ ಎಣಿಸಿ ತೋರಿಸಲೇ ಎಂದು ನಾನೇ ಕೇಳಿದೆ, ಎಲ್ಲೋ ಓದಿದ್ದೆ. ಫೋನಿನಲ್ಲಿ ಆ ಎಣಿಕೆಯನ್ನು ನಂಬುವಂತಿಲ್ಲ, ಅದು ಸಮಾಧಾನ ಕೊಡಬಾರದ ಕಡೆ ಸಮಾಧಾನ ಕೊಟ್ಟುಬಿಡುತ್ತದೆ ಎಂದು ಹೇಳಿ, ಅವರು ಬೇರೆಯೇ ಪ್ರಶ್ನೆ ಕೇಳಿದರು: “ನಿನ್ನೆ ನಿಮ್ಮಿಂದ ಆಗುತ್ತಿದ್ದ ಯಾವ ಕೆಲಸ ಇವತ್ತು ಆಗುತ್ತಿಲ್ಲ?” ನಾನು ಯೋಚಿಸಿ, ನಿನ್ನೆ ನಿಂತುಕೊಂಡು ಸ್ನಾನ ಮಾಡಿದ್ದೆ, ಇವತ್ತು ಕುಳಿತುಕೊಂಡು ಮಾಡಿದೆ ಎಂದೆ. ಆ ಉತ್ತರ ಕೇಳಿ ಅವರ ಧ್ವನಿ ಬದಲಾಯಿತು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ 95 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮನೆಯಲ್ಲೇ ಇರಿ, 93 ಅಥವಾ 94 ಬಂದರೆ ಹೊತ್ತು ನೋಡದೆ ನನಗೆ ಕರೆ ಮಾಡಿ, 92 ಅಥವಾ ಅದಕ್ಕಿಂತ ಕಡಿಮೆ ಬಂದರೆ ನನ್ನನ್ನು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ ಎಂದು ಹೇಳಿದರಲ್ಲದೆ, ಅದನ್ನೇ ನನ್ನಿಂದ ತಿರುಗಿ ಹೇಳಿಸಿದರು. ಫೋನಿನಲ್ಲಿ ಎದೆಯ ಸದ್ದು ಕೇಳಿಸದು, ತುಟಿಯ ಬಣ್ಣ ಸರಿಯಾಗಿ ಕಾಣದು. ಅದನ್ನು ಅರಿತು ತನ್ನ ಕೈ ಎಟುಕದ ಜಾಗವನ್ನು ಗೆರೆ ಎಳೆದು ತೋರಿಸಿದ ಸೇವೆ ಇದು. ಇಬ್ಬರೂ ವೈದ್ಯರು ಒಂದೇ ದೂರವಾಣಿ ಸೇವೆಯವರು, ಒಂದೇ ಶುಲ್ಕ ಪಡೆದವರು. ಆದ್ದರಿಂದ ಆ ಸೇವೆಗೆ ಒಂದೇ ಅಂಕ ಕೊಡಲು ನನ್ನಿಂದಾಗದು.

ಆಕ್ಸಿಮೀಟರ್ ಬಗ್ಗೆ ಒಂದಿಷ್ಟು ಹೇಳಲೇಬೇಕು, ಏಕೆಂದರೆ ಆಸ್ಪತ್ರೆಯೊಳಗಿನ ಒಂದು ಉಪಕರಣ ಮನೆಯ ಮೇಜಿನ ಮೇಲೆ ಬಂದು ಕುಳಿತದ್ದು ಆ ವರ್ಷಗಳ ದೊಡ್ಡ ಬದಲಾವಣೆ. ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ರಕ್ತ ಯಾವುದನ್ನು ಎಷ್ಟು ಹೀರಿಕೊಂಡಿತು ಎಂಬುದರಿಂದ ಅದು ಆಮ್ಲಜನಕದ ಪ್ರಮಾಣವನ್ನು ಲೆಕ್ಕ ಹಾಕುತ್ತದೆ. ಈ ಕಾಯಿಲೆಯಲ್ಲಿ ಕೆಲವರಿಗೆ ಏದುಸಿರು ಬಾರದೆಯೇ ಆಮ್ಲಜನಕ ಕುಸಿಯುತ್ತಿತ್ತು. ಅಂಥವರಿಗೆ ಈ ಚಿಕ್ಕ ಉಪಕರಣ ಮೊದಲ ಎಚ್ಚರಿಕೆಯಾಯಿತು. ನನಗೂ ಅದೇ ಆಯಿತು. ಎಂಟನೆಯ ದಿನದ ಬೆಳಗ್ಗೆ 94 ಇದ್ದದ್ದು ಸಂಜೆಗೆ 91ಕ್ಕೆ ಇಳಿಯಿತು, ಆದರೂ ನನಗೆ ದಣಿವಿನ ಹೊರತು ಬೇರೇನೂ ಅನಿಸುತ್ತಿರಲಿಲ್ಲ.

ಆದರೆ ಡಬ್ಬಿಯೊಳಗಿನ ಕೈಪಿಡಿಯಲ್ಲಿ ಇರಬೇಕಾದದ್ದು ಇರಲಿಲ್ಲ. ತಣ್ಣನೆಯ ಬೆರಳು, ಉಗುರಿನ ಬಣ್ಣ, ಕೈ ಅಲುಗಾಟ ಇವೆಲ್ಲ ಅಂಕಿಯನ್ನು ತಪ್ಪಿಸುತ್ತವೆ ಎಂಬುದು ಚಿಕ್ಕ ಅಕ್ಷರಗಳಲ್ಲಿತ್ತು. ಚರ್ಮದ ಬಣ್ಣದ ವಿಚಾರವಂತೂ ಎಲ್ಲಿಯೂ ಇರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೆರಳಿನ ಉಪಕರಣ 92ರಿಂದ 96ರವರೆಗೆ ತೋರಿಸುತ್ತಿದ್ದಾಗಲೂ ರಕ್ತನಾಳದಿಂದ ರಕ್ತ ತೆಗೆದು ನೋಡಿದರೆ ಆಮ್ಲಜನಕ 88ಕ್ಕಿಂತ ಕೆಳಗಿದ್ದದ್ದು ಕಪ್ಪು ಜನಾಂಗದ ರೋಗಿಗಳಲ್ಲಿ ಸುಮಾರು ಶೇ. 12ರಷ್ಟು ಬಾರಿ, ಬಿಳಿಯ ರೋಗಿಗಳಲ್ಲಿ ಸುಮಾರು ಶೇ. 4ರಷ್ಟು ಬಾರಿ. ದಟ್ಟ ಬಣ್ಣದ ಚರ್ಮದವರು ಕೊಳ್ಳುವ ಉಪಕರಣದ ಮೇಲೆ ಈ ಮಾತು ದೊಡ್ಡ ಅಕ್ಷರಗಳಲ್ಲಿ ಇರಬೇಕು. ಅಂಕಿಯೊಂದನ್ನೇ ನಂಬದೆ, ಅದು ದಿನದಿಂದ ದಿನಕ್ಕೆ ಎತ್ತ ಸಾಗುತ್ತಿದೆ ಎಂದು ಬರೆದಿಟ್ಟು ನೋಡಿದರೆ ಮಾತ್ರ ಇದು ಕೊಂಡ ಹಣಕ್ಕೆ ತಕ್ಕ ವಸ್ತು.

ಆಸ್ಪತ್ರೆಯ ಐದು ದಿನಗಳ ಬಗ್ಗೆ ನನ್ನ ಮಾತು ಕೃತಜ್ಞತೆಯದು. ಮೂಗಿಗೆ ಆಮ್ಲಜನಕದ ಕೊಳವೆ, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್, ದಿನದಲ್ಲಿ ಹಲವು ಗಂಟೆ ಹೊಟ್ಟೆಯ ಮೇಲೆ ಮಲಗುವುದು. ಚಿಕಿತ್ಸೆಯ ಮುಖ್ಯ ಭಾಗ ಇಷ್ಟೇ. ರಾತ್ರಿ ಪಾಳಿಯ ನರ್ಸ್ ಒಬ್ಬರು ಎರಡು ದಿಂಬುಗಳನ್ನು ಎದೆಯ ಕೆಳಗೆ ಹೇಗಿಡಬೇಕು, ಮುಖವನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು ಎಂದು ತೋರಿಸಿಕೊಟ್ಟು, ಅರ್ಧ ಗಂಟೆಯ ಬಳಿಕ ಬಂದು, 90 ಇದ್ದ ಅಂಕಿ 95 ಆದದ್ದನ್ನು ನನಗೇ ಓದಲು ಹೇಳಿದರು. ಔಷಧವಿಲ್ಲದೆ, ಬರಿಯ ಮಗ್ಗುಲು ಬದಲಿಸಿದ್ದರಿಂದ ಆದ ಆ ಏರಿಕೆಯನ್ನು ಕಂಡು ನನಗೆ ಬಂದ ಧೈರ್ಯ ಸಣ್ಣದಲ್ಲ.

ಆ ಡೆಕ್ಸಾಮೆಥಾಸೋನ್ ಅರವತ್ತು ವರ್ಷಕ್ಕೂ ಹಿಂದಿನ, ಅಗ್ಗದ ಔಷಧ. 2020ರ ಜೂನ್‌ನಲ್ಲಿ ಅದೇ ರಿಕವರಿ ಪ್ರಯೋಗ ಅದರ ಬೆಲೆಯನ್ನು ತೋರಿಸಿಕೊಟ್ಟಿತು: ವೆಂಟಿಲೇಟರ್ ಮೇಲಿದ್ದವರ ಸಾವು ಸುಮಾರು ಮೂರನೆಯ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವು ಸುಮಾರು ಐದನೆಯ ಒಂದರಷ್ಟು ಕಡಿಮೆಯಾಯಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಈ ಕೊನೆಯ ಮಾತನ್ನು ಮರೆತು, ಜ್ವರದ ಮೊದಲ ದಿನವೇ ಮನೆಯಲ್ಲಿದ್ದವರಿಗೆ ಸ್ಟೆರಾಯ್ಡ್ ಬರೆದುಕೊಟ್ಟವರಿದ್ದರು. ಆಧುನಿಕ ವೈದ್ಯವೂ ಆ ವರ್ಷಗಳಲ್ಲಿ ಪರೀಕ್ಷೆಗೆ ಮುಂಚೆಯೇ ಓಡಿದೆ. ಮಲೇರಿಯಾದ ಔಷಧವಾದ ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚ್ ಕೊನೆಯಲ್ಲಿ ಕೊಟ್ಟ ತುರ್ತು ಅನುಮತಿಯನ್ನು ಜೂನ್ 15ರಂದು ಹಿಂದಕ್ಕೆ ಪಡೆಯಿತು. ಆದರೆ ಹೀಗೆ ಹಿಂದಕ್ಕೆ ಪಡೆಯುವ ಏರ್ಪಾಡು ಅಲ್ಲಿತ್ತು ಎಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಆಸ್ಪತ್ರೆಯ ಸೇವೆ ಸೋತದ್ದು ಹೊರಡುವ ದಿನ. ಬಿಡುಗಡೆಯ ಕಾಗದದಲ್ಲಿ ನನ್ನ ಹಳೆಯ ರಕ್ತದೊತ್ತಡದ ಮಾತ್ರೆಗಳನ್ನು ‘ಮುಂದುವರಿಸಿ’ ಎಂದು ಬರೆದಿತ್ತು. ಮನೆಯಲ್ಲಿ ಬೇರೇನು ಕುಡಿಯುತ್ತೀರಿ, ಏನು ನುಂಗುತ್ತೀರಿ ಎಂದು ಐದು ದಿನಗಳಲ್ಲಿ ಒಬ್ಬರೂ ಕೇಳಲಿಲ್ಲ. ಮುಂದಿನ ತಿಂಗಳುಗಳಲ್ಲಿ ದಣಿವು ಹೀಗೇ ಉಳಿದರೆ ಯಾರನ್ನು ಕಾಣಬೇಕು ಎಂಬುದಕ್ಕೂ ಆ ಕಾಗದದಲ್ಲಿ ಉತ್ತರವಿರಲಿಲ್ಲ. ದಣಿವು ಉಳಿಯಿತು. ಮೆಟ್ಟಿಲು ಹತ್ತಿದ ಮಾರನೆಯ ದಿನ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಈ ಸ್ಥಿತಿಗೆ ಒಂದು ವ್ಯಾಖ್ಯೆ ಕೊಟ್ಟದ್ದೇ 2021ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ನನ್ನಂಥವರು ‘ಪರೀಕ್ಷೆಗಳೆಲ್ಲ ಸರಿಯಾಗಿವೆ’ ಎಂಬ ಮಾತನ್ನು ಕೇಳಿ ಮನೆಗೆ ಮರಳುತ್ತಿದ್ದೆವು.

ಗಿಡಮೂಲಿಕೆ ವೈದ್ಯರ ಬಳಿಗೆ ನಾನು ಹೋದದ್ದು ಆ ಖಾಲಿ ಜಾಗದಲ್ಲಿ. ಅವರು ನನಗೆ ಐವತ್ತು ನಿಮಿಷ ಕೊಟ್ಟರು. ನಿದ್ದೆ ಹೇಗಿದೆ, ಕನಸು ಬೀಳುತ್ತದೆಯೇ, ಹಸಿವು ಯಾವ ಹೊತ್ತಿಗೆ, ಬೆವರು ಹೇಗೆ, ಆಸ್ಪತ್ರೆಯಲ್ಲಿ ಭಯವಾಯಿತೇ ಎಂದೆಲ್ಲ ಕೇಳಿದರು. ಪಕ್ಕದ ಹಾಸಿಗೆಯವರನ್ನು ರಾತ್ರಿ ಸಾಗಿಸಿದ ಸಂಗತಿಯನ್ನು ನಾನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅವರ ಮುಂದೆ. ಅದನ್ನು ಹೇಳಿ ಮುಗಿಸುವವರೆಗೆ ಅವರು ಲೇಖನಿ ಮುಟ್ಟಲಿಲ್ಲ. 2017ರಲ್ಲಿ ಪ್ರಕಟವಾದ, 67 ದೇಶಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವೊಂದರ ಪ್ರಕಾರ, ಜಗತ್ತಿನ ಅರ್ಧದಷ್ಟು ಜನ ವಾಸಿಸುವ 18 ದೇಶಗಳಲ್ಲಿ ವೈದ್ಯರೊಂದಿಗಿನ ಸರಾಸರಿ ಭೇಟಿ ಐದು ನಿಮಿಷ ಅಥವಾ ಅದಕ್ಕೂ ಕಡಿಮೆ. ಮಹಾಮಾರಿಗೆ ಮುಂಚಿನ ಲೆಕ್ಕ ಅದು. ಪರ್ಯಾಯ ಪದ್ಧತಿಗಳ ಕಡೆಗೆ ವಯಸ್ಕರು ಏಕೆ ತಿರುಗುತ್ತಾರೆ ಎಂದು ಕೇಳುವವರು, ಔಷಧದ ಗುಣಕ್ಕೂ ಮೊದಲು ಈ ನಿಮಿಷಗಳನ್ನು ಎಣಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಷ್ಟೆಲ್ಲ ಕೇಳಿದ ಆ ವೈದ್ಯರು ಒಂದನ್ನು ಕೇಳಲಿಲ್ಲ. ನಾನು ಪ್ರತಿದಿನ ಬೆಳಗ್ಗೆ ಯಾವ ಮಾತ್ರೆ ನುಂಗುತ್ತೇನೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆಯ ಔಷಧ ಬಿಡಿ ಎಂದಾರು ಎಂಬ ಅಳುಕು ನನ್ನೊಳಗಿತ್ತು. ಫೋನಿನ ವೈದ್ಯೆಗೆ ಕಷಾಯದ ಸಂಗತಿ ಹೇಳದಿದ್ದುದಕ್ಕೂ ಅಂಥದೇ ಕಾರಣ: ಅವರು ಬೈದಾರು ಎಂಬ ಅಂಜಿಕೆ. ಹೀಗೆ ಎರಡೂ ಕಡೆಯವರ ಮುಂದೆ ಅರ್ಧರ್ಧ ರೋಗಿಯಾಗಿ ಕುಳಿತಿದ್ದೆ.

ಕಷಾಯದ ಪುಡಿ ಕಂದು ಬಣ್ಣದ ಕಾಗದದ ಪೊಟ್ಟಣದಲ್ಲಿ ಬಂತು. ಮೇಲೆ ಕೈಬರಹದಲ್ಲಿ ‘ಬೆಳಗ್ಗೆ, ಸಂಜೆ’ ಎಂದಷ್ಟೇ ಇತ್ತು. ಒಳಗೆ ಏನೇನಿದೆ ಎಂಬ ಪಟ್ಟಿ ಇರಲಿಲ್ಲ. ಕುದಿಸಿದಾಗ ಮಣ್ಣಿನ ವಾಸನೆಯ ನೀರು, ಆದರೆ ಕುಡಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಬಹಳ ಹೊತ್ತು ನಿಲ್ಲುವ ಸಿಹಿ. ಸಕ್ಕರೆ ಹಾಕದೆಯೂ ಇಷ್ಟು ಸಿಹಿ ಎಲ್ಲಿಂದ ಎಂದು ಮೆಚ್ಚಿಕೊಂಡೇ ಕುಡಿದೆ. ಗಂಟಲಿಗೆ ಹಿತವಾಗಿತ್ತು, ಕೆಮ್ಮು ತಗ್ಗಿತು ಎಂದೂ ಅನಿಸಿತು. ಮೂರನೆಯ ವಾರಕ್ಕೆ ಸಂಜೆಯಾದರೆ ಕಾಲಿನ ಗಿಣ್ಣುಗಳು ಊದಿಕೊಳ್ಳತೊಡಗಿದವು. ಕಾಲುಚೀಲದ ಅಂಚು ಚರ್ಮದಲ್ಲಿ ಆಳವಾದ ಬಳೆಯಂತೆ ಮೂಡುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತಿತ್ತು. ಇದೆಲ್ಲವನ್ನೂ ಕೋವಿಡ್ಡಿನ ಖಾತೆಗೆ ಬರೆದುಕೊಂಡೆ. ಆ ದಿನಗಳಲ್ಲಿ ಏನಾದರೂ ಕೋವಿಡ್ಡಿನ ಖಾತೆಗೇ ಹೋಗುತ್ತಿತ್ತು.

ಸತ್ಯ ಹೊರಬಿದ್ದದ್ದು ಔಷಧ ಅಂಗಡಿಯಲ್ಲಿ. ಮಾತ್ರೆ ಕೊಳ್ಳಲು ಹೋದಾಗ ಅಲ್ಲಿನ ಫಾರ್ಮಸಿಸ್ಟ್ ನನ್ನ ಮುಖ ನೋಡಿ ಕುಳ್ಳಿರಿಸಿ ರಕ್ತದೊತ್ತಡ ಅಳೆದರು: 168ಕ್ಕೆ 98. ಮಾತ್ರೆ ತಪ್ಪಿಸಿದ್ದೀರಾ ಎಂದರು. ಇಲ್ಲವೆಂದೆ. “ಹಾಗಾದರೆ ಇದರ ಜೊತೆಗೆ ಬೇರೇನು ತೆಗೆದುಕೊಳ್ಳುತ್ತಿದ್ದೀರಿ? ಕಷಾಯ, ಪುಡಿ, ಲೇಹ್ಯ ಏನಿದ್ದರೂ ಹೇಳಿ, ನಾನು ಬೈಯುವುದಿಲ್ಲ” ಎಂದರು. ಒಂದೂವರೆ ವರ್ಷದಲ್ಲಿ ಈ ಪ್ರಶ್ನೆಯನ್ನು ಕೇಳಿದ ಮೊದಲ ವ್ಯಕ್ತಿ ಅವರು. ನಾನು ಆ ಸಿಹಿಯನ್ನು ವರ್ಣಿಸಿದೊಡನೆ ಅವರು ಜ್ಯೇಷ್ಠಮಧು ಎಂದರು.

ಜ್ಯೇಷ್ಠಮಧುವಿನ ಬೇರಿನಲ್ಲಿರುವ ಗ್ಲೈಸಿರೈಜಿನ್ ಎಂಬ ಅಂಶವೇ ಅದರ ಸಿಹಿಗೆ ಕಾರಣ. ನಮ್ಮ ದೇಹದ ಕಾರ್ಟಿಸಾಲ್ ಎಂಬ ಹಾರ್ಮೋನು ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡುವ ಕೆಲಸಕ್ಕೆ ಇಳಿಯದಂತೆ ಒಂದು ಕಿಣ್ವ ಅದನ್ನು ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತಿರುತ್ತದೆ. ಗ್ಲೈಸಿರೈಜಿನ್ ಆ ಕಿಣ್ವವನ್ನು ತಡೆಯುತ್ತದೆ. ಆಗ ದೇಹದಲ್ಲಿ ಸೋಡಿಯಂ ಮತ್ತು ನೀರು ನಿಲ್ಲುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ, ರಕ್ತದೊತ್ತಡ ಏರುತ್ತದೆ. ನಾನು ರಕ್ತದೊತ್ತಡಕ್ಕೆ ನುಂಗುತ್ತಿದ್ದ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವ ಥಯಾಜೈಡ್ ಬಗೆಯದು. ಅದೂ ಪೊಟ್ಯಾಸಿಯಂ ಅನ್ನು ಹೊರಹಾಕುವಂಥದೇ. ಅಂದರೆ ಕಷಾಯ ನನ್ನ ಮಾತ್ರೆಯ ಕೆಲಸವನ್ನು ಕೆಡಿಸುತ್ತಿತ್ತು, ಅದರ ಅಡ್ಡಪರಿಣಾಮಕ್ಕೆ ಮಾತ್ರ ಕೈಜೋಡಿಸುತ್ತಿತ್ತು. ಅಂದು ಸಂಜೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.9 ಬಂತು, 3.5ಕ್ಕಿಂತ ಕೆಳಗಿಳಿಯಬಾರದು. ಇನ್ನೂ ಇಳಿದಿದ್ದರೆ ಹೃದಯದ ಬಡಿತವೇ ತಾಳ ತಪ್ಪಬಹುದಿತ್ತು ಎಂದು ಫೋನಿನ ವೈದ್ಯೆ ಹೇಳಿದಾಗ ನನ್ನ ಕೈ ತಣ್ಣಗಾಯಿತು. ಕಷಾಯ ನಿಲ್ಲಿಸಿ, ಪೊಟ್ಯಾಸಿಯಂ ಕುಡಿದು, ಮೂರು ವಾರಗಳ ನಂತರ ಎಲ್ಲವೂ ಮೊದಲಿನಂತಾಯಿತು.

ಈ ಪ್ರಸಂಗವನ್ನು ಗಿಡಮೂಲಿಕೆಗಳ ಮೇಲಿನ ತೀರ್ಪೆಂದು ಯಾರೂ ಓದಬಾರದೆಂದು ಕೇಳಿಕೊಳ್ಳುತ್ತೇನೆ. ಒಂದು ಬೇರಿಗೆ ಇಷ್ಟು ಶಕ್ತಿಯಿದೆ ಎಂಬುದೇ ಅದನ್ನು ಔಷಧವೆಂದು ಗಂಭೀರವಾಗಿ ಕಾಣಬೇಕು ಎಂಬುದಕ್ಕೆ ಸಾಕ್ಷಿ. ಆರ್ಟೆಮಿಸಿಯಾ ಎಂಬ ಮೂಲಿಕೆಯ ವಿಚಾರವನ್ನೇ ನೋಡಿ. ಚೀನಾದ ಹಳೆಯ ವೈದ್ಯಗ್ರಂಥಗಳ ಸುಳಿವು ಹಿಡಿದು ಟು ಯುಯು ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಅದರಿಂದ ಆರ್ಟೆಮಿಸಿನಿನ್ ಅನ್ನು ಬೇರ್ಪಡಿಸಿದರು. ಮಲೇರಿಯಾದಿಂದ ಲಕ್ಷಾಂತರ ಪ್ರಾಣಗಳನ್ನು ಅದು ಉಳಿಸಿತು, 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅದೇ ಮೂಲಿಕೆಯನ್ನು ಬೆರೆಸಿದ ಪಾನೀಯವೊಂದನ್ನು 2020ರ ಏಪ್ರಿಲ್‌ನಲ್ಲಿ ಮಡಗಾಸ್ಕರ್ ದೇಶದ ಅಧ್ಯಕ್ಷರೇ ಕೋವಿಡ್‌ಗೆ ಮದ್ದೆಂದು ಬಿಡುಗಡೆ ಮಾಡಿದರು, ಆದರೆ ಅದರ ಹಿಂದೆ ಮನುಷ್ಯರ ಮೇಲೆ ನಡೆದ ಪ್ರಕಟಿತ ಪರೀಕ್ಷೆ ಇರಲಿಲ್ಲ. ಗಿಡ ಒಂದೇ, ಪಟ್ಟ ಶ್ರಮ ಬೇರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಫ್ರಿಕಾ ವಿಭಾಗದ ಪರಿಣತರ ಸಮಿತಿ, ಕೋವಿಡ್‌ಗೆ ಗಿಡಮೂಲಿಕೆ ಔಷಧಗಳನ್ನು, ಬಹಳ ಜನರ ಮೇಲೆ ನಡೆಸುವ ಮೂರನೆಯ ಹಂತದ ಪ್ರಯೋಗದಲ್ಲಿ ಹೇಗೆ ಪರೀಕ್ಷಿಸಬೇಕೆಂಬ ಕ್ರಮವನ್ನು ಒಪ್ಪಿ ಪ್ರಕಟಿಸಿತು. ನನ್ನ ಮಟ್ಟಿಗೆ ಸರಿಯಾದ ದಾರಿ ಅದು.

ಉಳಿದವನ್ನು ಬೇಗ ಮುಗಿಸುತ್ತೇನೆ. ವಿಟಮಿನ್ ಸಿ ಮತ್ತು ಸತುವಿನ ಮಾತ್ರೆಗಳಿಗೆ ಮತ್ತೆ ಹಣ ಕೊಡಲಾರೆ. 214 ವಯಸ್ಕರ ಮೇಲೆ ನಡೆದು 2021ರ ಫೆಬ್ರುವರಿಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇವೆರಡನ್ನೂ ದೊಡ್ಡ ಪ್ರಮಾಣದಲ್ಲಿ ಕೊಟ್ಟರೂ ರೋಗಲಕ್ಷಣಗಳು ಗಮನಾರ್ಹವಾಗಿ ಬೇಗ ಇಳಿಯಲಿಲ್ಲ. ಬಿಸಿನೀರಿನ ಹಬೆಯಿಂದ ಮೂಗು ಕಟ್ಟಿದ್ದು ಸಡಿಲವಾದೀತು, ವೈರಸ್ ಸಾಯದು; ಆ ವರ್ಷ ಕುದಿಯುವ ನೀರಿನ ಪಾತ್ರೆ ಮಗುಚಿ ಮಕ್ಕಳಿಗೆ ಸುಟ್ಟ ಪ್ರಕರಣಗಳು ಏರಿದ್ದನ್ನು ಬ್ರಿಟನ್ನಿನ ವೈದ್ಯರು ವರದಿ ಮಾಡಿದ್ದಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವರು ಈ ಮಾತನ್ನು ದಯವಿಟ್ಟು ನೆನಪಿಡಬೇಕು.

ಆನ್‌ಲೈನ್ ಉಸಿರಾಟದ ತರಗತಿಗೆ ಮಾತ್ರ ಮನಸಾರೆ ಶಿಫಾರಸು ಮಾಡುತ್ತೇನೆ. ಆರು ವಾರ, ವಾರಕ್ಕೊಮ್ಮೆ, ಹನ್ನೆರಡು ಜನರ ಗುಂಪು. ಕಲಿಸುವವರು ಮೊದಲ ದಿನವೇ, ಇದು ಶ್ವಾಸಕೋಶವನ್ನು ರಿಪೇರಿ ಮಾಡುವುದಿಲ್ಲ, ಉಸಿರಿನ ಭಯವನ್ನು ಕಡಿಮೆ ಮಾಡಬಹುದು, ಎದೆನೋವು ಬಂದರೆ ತರಗತಿ ಬಿಟ್ಟು ವೈದ್ಯರನ್ನು ಕಾಣಿ ಎಂದರು. ಪ್ರತಿಯೊಬ್ಬರ ಔಷಧಗಳ ಪಟ್ಟಿಯನ್ನೂ ಮುಂಚೆಯೇ ತರಿಸಿಕೊಂಡಿದ್ದರು. ನನ್ನ ಎರಡೂ ಪ್ರಶ್ನೆಗಳಿಗೆ ಕೇಳದೆಯೇ ಉತ್ತರಿಸಿದ ಏಕೈಕ ಸೇವೆ ಇದು. ಇದನ್ನು ಹೋಲುವ, ಹಾಡಿನ ತಂತ್ರಗಳನ್ನು ಬಳಸಿದ ಆರು ವಾರಗಳ ಕಾರ್ಯಕ್ರಮವನ್ನು ಇಂಗ್ಲಿಷ್ ನ್ಯಾಷನಲ್ ಒಪೆರಾ ಮತ್ತು ಲಂಡನ್ನಿನ ಇಂಪೀರಿಯಲ್ ಕಾಲೇಜು ಸೇರಿ ನಡೆಸಿದವು. 150 ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಮನಸ್ಸಿನ ಸ್ವಾಸ್ಥ್ಯವೂ ಏದುಸಿರಿನ ಕೆಲವು ಅಂಶಗಳೂ ಸುಧಾರಿಸಿದವು.

ವಾಸನೆಯ ಅಭ್ಯಾಸ ಯಾವ ಪದ್ಧತಿಗೆ ಸೇರಿದ್ದು ಎಂದು ಕೇಳಿದರೆ ಹೇಳುವುದು ಕಷ್ಟ. ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಎಂಬ ನಾಲ್ಕು ಸುಗಂಧ ತೈಲಗಳ ಸೀಸೆಗಳು. ದಿನಕ್ಕೆರಡು ಬಾರಿ, ಒಂದೊಂದನ್ನೂ ಹತ್ತು ಸೆಕೆಂಡು, ಆ ವಾಸನೆಯನ್ನು ನೆನಪಿಸಿಕೊಳ್ಳುತ್ತ ಮೂಸಬೇಕು. ನೋಡಿದರೆ ಮನೆಮದ್ದೆನಿಸುತ್ತದೆ. ಆದರೆ ಇದನ್ನು ರೂಪಿಸಿದವರು ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು; ಹನ್ನೆರಡು ವಾರಗಳ ಅಭ್ಯಾಸದ ಫಲವನ್ನು ಅವರು 2009ರಲ್ಲೇ ಪ್ರಕಟಿಸಿದ್ದರು. ಒಂಬತ್ತು ವಾರ ನನಗೆ ನಾಲ್ಕೂ ಸೀಸೆಗಳು ಬರಿಯ ಗಾಳಿಯಾಗಿದ್ದವು. ಹತ್ತನೆಯ ವಾರದ ಒಂದು ಬೆಳಗ್ಗೆ ಲವಂಗದ ಸೀಸೆಯಿಂದ ವಾಸನೆಯಲ್ಲ, ಒಂದು ಸಣ್ಣ ಚುರುಕು ಮೂಗಿನ ಬುಡಕ್ಕೆ ತಾಗಿತು. ನಾಲ್ಕು ದಿನ ಬಿಟ್ಟು ಅದು ಲವಂಗವೇ ಆಯಿತು. ಗುಲಾಬಿ ಇನ್ನೂ ಪೂರ್ತಿ ಬಂದಿಲ್ಲ.

2022ರಲ್ಲಿ ನಾನು ಆ ಗಿಡಮೂಲಿಕೆ ವೈದ್ಯರ ಬಳಿಗೆ ಮತ್ತೆ ಹೋದೆ, ಈ ಬಾರಿ ಒಂದು ಹಾಳೆ ಹಿಡಿದು. ಎಡಗಡೆ ಆಸ್ಪತ್ರೆಯ ಮಾತ್ರೆಗಳು, ಬಲಗಡೆ ಉಳಿದೆಲ್ಲವೂ, ಕೆಳಗೆ ರಕ್ತಪರೀಕ್ಷೆಯ ಅಂಕಿಗಳು. ಅವರು ಕನ್ನಡಕ ಹಾಕಿಕೊಂಡು ಎರಡು ಬಾರಿ ಓದಿದರು. 2.9 ಎಂಬ ಅಂಕಿಯ ಮೇಲೆ ಬೆರಳಿಟ್ಟು, “ಇದನ್ನು ನಾನು ಅಂದೇ ಕೇಳಬೇಕಾಗಿತ್ತು” ಎಂದರು. ಈಗ ಅವರು ಕೊಡುವ ಪೊಟ್ಟಣಗಳ ಮೇಲೆ ಒಳಗಿರುವ ಮೂಲಿಕೆಗಳ ಹೆಸರುಗಳನ್ನು ಬರೆಯುತ್ತಾರೆ, ಬಂದವರ ಮಾತ್ರೆಗಳ ಹೆಸರುಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಸ್ಪತ್ರೆಗೂ ಅದೇ ಹಾಳೆಯನ್ನು ಕೊಂಡೊಯ್ದೆ. ಅಲ್ಲಿನ ನಮೂನೆಯಲ್ಲಿ ‘ಇತರ ಔಷಧಗಳು’ ಎಂಬುದಕ್ಕೆ ಅರ್ಧ ಸಾಲಿನ ಜಾಗವಿದೆ. ಅದರಲ್ಲಿ ಹಿಡಿಸದ್ದನ್ನು ನಾನು ಕಾಗದದ ಹಿಂಬದಿಯಲ್ಲಿ ಬರೆದು, ಮುಂದಿನ ಪುಟದಲ್ಲಿ ಬಾಣದ ಗುರುತು ಹಾಕಿ ಕೊಡುತ್ತೇನೆ.